ಕೈಗಳು: ಗ್ಲೆಂಡಾ ಬಾರಿಲ್

ಗ್ಲೆಂಡಾ ಬಾರಿಲ್ ಎಂಬ ಹೆಂಗಸಿಗೆ ಹದಿನಾರು ಹದಿನೇಳರ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ. ಅಂಥವಳಿಗೆ ದೇವರು ಕೊಟ್ಟ ಕೆಲಸವೇನು ಕೇಳಿ: ಗ್ರಿಮ್ಸ್‌ಬಿ ಎಂಬ ಮೀನುಗಾರರ ಊರಿನ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಅದೇ ವಯಸ್ಸಿನ ಆರುನೂರು ಜನಕ್ಕೆ ದಿನಾ ಮಧ್ಯಾಹ್ನ ಊಟ ಬಡಿಸುವುದು! ಒಂಬತ್ತು ವರ್ಷದಿಂದ ಬಡಿಸುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ದಿನವೂ ನಕ್ಕಿರಲಿಲ್ಲ ಎಂದು ಹುಡುಗರು ಹೇಳುತ್ತಿದ್ದರು. ಅದು ಸುಳ್ಳು. ಒಬ್ಬ ಹುಡುಗ ಪ್ಯಾಂಟಿನ ಮೇಲೆ ಕಸ್ಟರ್ಡ್ ಚೆಲ್ಲಿಕೊಂಡ ದಿನ ನಕ್ಕಿದ್ದಳು.

ಅವಳು ಆ ವಯಸ್ಸಿನಲ್ಲಿದ್ದಾಗ ಅವಳಿಗೆ ಯಾರೂ ಬಿಸಿ ಊಟ ಬಡಿಸಲಿಲ್ಲ. ಹದಿನಾರು ತುಂಬಿದ ವಾರವೇ ಬಂದರಿನ ಮೀನಿನ ಶೆಡ್ಡಿಗೆ ಹೋಗಿ ನಿಂತಳು. ರಬ್ಬರ್ ಬೂಟು, ಕಾಲ ಕೆಳಗೆ ಐಸಿನ ನೀರು, ಕೈಯಲ್ಲಿ ಕತ್ತಿ. ಹೀಗೆ ಮೂವತ್ತೊಂದು ವರ್ಷ. ಶೆಡ್ಡಿನ ಹಲಗೆಯ ಮೇಲೆ ಅವಳು ನಲವತ್ತಾರನೇ ನಂಬರು. "ನಲವತ್ತಾರು, ಬೇಗ ಕೈ ಆಡ್ಸು" ಎಂದರೆ ಅದು ಅವಳು. ಇಪ್ಪತ್ತನೆಯ ವರ್ಷ ಮೀನಿನ ಚರ್ಮ ಸುಲಿಯುವ ಯಂತ್ರ ಅವಳ ಎಡಗೈ ತೋರುಬೆರಳಿನ ತುದಿಯನ್ನು ಎಳೆದುಕೊಂಡಿತು. ಮೇಸ್ತ್ರಿ ಓಡಿ ಬಂದು ಕೇಳಿದ ಮೊದಲ ಮಾತು, "ಮಷೀನು ನಿಂತೋಯ್ತಾ?" ಉಳಿದ ಬೆರಳು ಸೊಟ್ಟಗೆ ಬಾಗಿ ಮಾಯಿತು. ಶೆಡ್ಡು ಮುಚ್ಚಿದ ದಿನ ಪೇಪರಿನವರು ಬಂದು ಅವಳ ಫೋಟೋ ತೆಗೆದರು. ಕೆಳಗೆ 'ಮೀನು ಸೀಳುವ ಮಹಿಳೆ' ಎಂದು ಹಾಕಿದರು. ಅಷ್ಟೇ. ಪಕ್ಕದಲ್ಲಿ ನಿಂತಿದ್ದ ಮಾಲೀಕನಿಗೆ ಮಾತ್ರ ಹೆಸರಿತ್ತು, ಅಪ್ಪನ ಹೆಸರೂ ಇತ್ತು.

ಕಾಲೇಜಿಗೆ ಬಂದಳಲ್ಲ, ಅಲ್ಲಿಯಾದರೂ ಏನಾಯಿತು? ಎದೆಗೆ ಚುಚ್ಚಿಕೊಳ್ಳಲು ಆಫೀಸಿನವರು ಒಂದು ಬಿಲ್ಲೆ ಕೊಟ್ಟರು. ಅದರ ಮೇಲೆ 'ಗ್ಲೆಂಡಾ ಬ್ಯಾರೆಲ್' ಎಂದಿತ್ತು. ಮೈಯಲ್ಲಿ ಸ್ವಲ್ಪ ತುಂಬಿಕೊಂಡ ಹೆಂಗಸಿಗೆ ಬ್ಯಾರೆಲ್, ಅಂದರೆ ಪೀಪಾಯಿ, ಎಂದು ಚೀಟಿ ಹಚ್ಚಿದರೆ ಅವಳು ಏನು ಮಾಡಬೇಕು? ಆಲೂಗಡ್ಡೆ ಸಿಪ್ಪೆಯ ಡಬ್ಬಕ್ಕೆ ಎಸೆದಳು. ಇನ್ನೊಂದು ಕೊಡಿ ಎಂದು ಕೇಳಲು ಅವಳ ಜಂಬ ಬಿಡಲಿಲ್ಲ. ಹೀಗಾಗಿ ಕ್ಯಾಂಟೀನಿನ ಸಾಲಿನಲ್ಲಿ ಅವಳು "ರೀ" ಆದಳು. "ರೀ, ಚಿಪ್ಸು." "ರೀ, ಗ್ರೇವಿ." ಮನೆಯಲ್ಲಿ ಗಂಡ ಕೀತ್ ಟೀವಿಯಿಂದ ಕಣ್ಣು ತೆಗೆಯದೆ "ಇವಳೇ" ಎನ್ನುತ್ತಿದ್ದ. ಅವಳ ಪೂರ್ತಿ ಹೆಸರನ್ನು ಬಾಯಿಬಿಟ್ಟು ಕೂಗುತ್ತಿದ್ದವಳು ಹಲ್ಲಿನ ಡಾಕ್ಟರ ನರ್ಸು ಒಬ್ಬಳೇ. ಅದೂ ಆರು ತಿಂಗಳಿಗೊಮ್ಮೆ.

ಬೆನ್ನ ಹಿಂದೆ ಹುಡುಗರು ಅವಳನ್ನು 'ಕೊಕ್ಕೆ' ಎನ್ನುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಪಟ್ಟುಕೊಳ್ಳಲಿಲ್ಲ. ಏಕೆಂದರೆ ಅವಳು ಎಲ್ಲದಕ್ಕೂ ಕೊಕ್ಕೆ ಹಾಕುವವಳೇ. ಕೌಂಟರಿನ ಮೇಲೆ ಬ್ಯಾಗಿಡುವಂತಿಲ್ಲ, ಫೋನಿನಲ್ಲಿ ಮಾತಾಡುತ್ತಾ ತಟ್ಟೆ ಚಾಚುವಂತಿಲ್ಲ, ಎರಡನೇ ಸಲ ಬೀನ್ಸ್ ಕೇಳುವಂತಿಲ್ಲ. 'ಹೌದು, ಹಾಕ್ತೀನಿ, ಏನೀಗ?' ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡಿದ್ದಳು.

ಮಾರ್ಚ್ ತಿಂಗಳ ಒಂದು ಶುಕ್ರವಾರ. ಶುಕ್ರವಾರವೆಂದರೆ ಮೀನು ಮತ್ತು ಚಿಪ್ಸು, ಅದರಲ್ಲಿ ಮಾತಿಲ್ಲ. ಸೀಳಿ ಪ್ಯಾಕು ಮಾಡಿದ ಮೀನು ಕಳಿಸಬೇಕಾದವರು ಅಂದು ತಲೆ ಬಾಲ ಸಮೇತ ಅರವತ್ತು ದೊಡ್ಡ ದೊಡ್ಡ ಹ್ಯಾಡಕ್ ಮೀನು ಕಳಿಸಿಬಿಟ್ಟರು. ಅಡುಗೆಮನೆಯ ಹಿರಿಯಳು ತಲೆಯ ಮೇಲೆ ಕೈಹೊತ್ತು ಕುಳಿತಳು. ಗ್ಲೆಂಡಾ ಏಪ್ರನ್ನಿಗೆ ಕೈ ಒರೆಸಿಕೊಂಡಳು. ತನ್ನ ಚೀಲದ ತಳದಿಂದ ಟವೆಲಿನಲ್ಲಿ ಸುತ್ತಿದ ಕತ್ತಿ ತೆಗೆದಳು. ಒಂಬತ್ತು ವರ್ಷದಿಂದ ಅದನ್ನು ಏಕೆ ಹೊತ್ತು ತಿರುಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಕಿವಿರಿನ ಕೆಳಗೆ ಒಂದು ಏಟು, ಬೆನ್ನುಮೂಳೆಯ ಗುಂಟ ಒಂದೇ ಎಳೆತ, ಮಗುಚಿ ಇನ್ನೊಂದು. ಎಡಗೈಯ ಸೊಟ್ಟ ಬೆರಳು ಮೀನನ್ನು ಒತ್ತಿ ಹಿಡಿದಿತ್ತು. ಅರ್ಧ ಗಂಟೆಯಲ್ಲಿ ಅರವತ್ತೂ ಮುಗಿದವು.

ಬಡಿಸುವ ಕಿಂಡಿಯ ಆಚೆ ಒಬ್ಬ ಹುಡುಗಿ ಬಾಯಿ ತೆರೆದುಕೊಂಡು ನಿಂತಿದ್ದಳು. ಗ್ಲೆಂಡಾಗೆ ಅವಳು ಗೊತ್ತು. ಅಂದರೆ ಅವಳ ತಟ್ಟೆ ಗೊತ್ತು: ಸುಟ್ಟ ಆಲೂಗಡ್ಡೆಯ ಮೇಲೆ ಚೀಸು, ಬೀನ್ಸು.

ಮಧ್ಯಾಹ್ನ ಪಾತ್ರೆ ಉಜ್ಜುವ ಹೊತ್ತಿಗೆ ಆ ಹುಡುಗಿ ಇಬ್ಬರು ಹುಡುಗರನ್ನು ಕಟ್ಟಿಕೊಂಡು ಬಂದಳು.

"ರೀ, ನಿಮ್ಮ ಕೈ ಬೇಕಿತ್ತು."

"ಯಾಕೆ, ನಿಂದು ಕಳೆದೋಯ್ತಾ?"

"ಹಾಗಲ್ಲ. ನಾವೊಂದು ಥ್ರಿಲ್ಲರ್ ಮಾಡ್ತಿದೀವಿ. ಪೂರ್ತಿ ಸಿನಿಮಾ ಅಲ್ಲ, ಶುರುವಿನ ಎರಡು ನಿಮಿಷ ಮಾತ್ರ. ಪರೀಕ್ಷೆಗೆ. ಕೊಲೆಗಾರ ಮೀನು ಸೀಳ್ತಿರೋ ಥರ. ಮುಖ ಬೇಡ, ಕೈ ಮಾತ್ರ ಸಾಕು."

"ಮುಖ ಯಾಕ್ ಬೇಡ?"

"ಮುಖ ಕಂಡ್ರೆ ಹೆದರಿಕೆ ಹೋಗ್ಬಿಡುತ್ತೆ."

"ನನ್ನ ಮುಖ ಕಂಡ್ರೆ ಹೋಗಲ್ಲ ಬಿಡು," ಎಂದಳು ಗ್ಲೆಂಡಾ. "ನಡೀರಿ ಆಚೆ. ನೆಲ ಒದ್ದೆ ಇದೆ, ತುಳಿದು ಗಲೀಜು ಮಾಡ್ಬೇಡಿ."

ಹುಡುಗಿ ಕದಲಲಿಲ್ಲ. ಅವಳೂ ಮೊಂಡಿಯೇ. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಕಾಡಿನಲ್ಲಿ ಓಡುವ ಮುಸುಕಿನವನನ್ನು ತೆಗೆದು ನಪಾಸಾಗಿದ್ದಳು. ಕಾಲೇಜಿನ ಇತರ ಹದಿನಾಲ್ಕು ಗುಂಪುಗಳೂ ಕಾಡಿನಲ್ಲಿ ಓಡುವ ಮುಸುಕಿನವನನ್ನೇ ತೆಗೆದಿದ್ದವಂತೆ. ಈ ವರ್ಷವೂ ಕೆಟ್ಟರೆ ಕಾಲೇಜಿನಿಂದಲೇ ಆಚೆ. "ಪರದೆ ಮೇಲೆ ಹೆಸರು ಬರುತ್ತೆ ರೀ," ಎಂದಳು. "ಶುರುವಲ್ಲಿ ಹೆಸರುಗಳು ಬರ್ಲೇಬೇಕು. ಅದಕ್ಕೂ ಮಾರ್ಕ್ಸ್ ಇದೆ. ಕೈ ಯಾರದು ಅಂತಾನೂ ಹಾಕ್ತೀವಿ."

ಗ್ಲೆಂಡಾ ಸ್ಕ್ರಬ್ಬರು ಕೆಳಗಿಟ್ಟಳು.

"ದೊಡ್ಡ ಅಕ್ಷರದಲ್ಲಿ?"

"ಪರದೆ ತುಂಬ."

ಹೂಂ ಎಂದುಬಿಟ್ಟಳು. ಹುಡುಗಿ ಒಂದು ಒಪ್ಪಿಗೆ ಪತ್ರ ಕೊಟ್ಟಳು, ಹೆಸರು ಬರೆದು ರುಜು ಹಾಕಬೇಕಿತ್ತು. ಕೈ ಒದ್ದೆ ಇದೆ, ಆಮೇಲೆ ಎಂದು ಗ್ಲೆಂಡಾ ಅದನ್ನು ಏಪ್ರನ್ ಜೇಬಿಗೆ ತುರುಕಿದಳು. ಇವರು ಹೆಸರು ಕೇಳಿಯೇ ಕೇಳುತ್ತಾರೆ ಎಂದು ಅವಳು. ಇವಳು ಬರೆದುಕೊಟ್ಟೇ ಕೊಡುತ್ತಾಳೆ ಎಂದು ಅವರು.

ಮರುವಾರ ಅಡುಗೆಮನೆಯಲ್ಲೇ ಚಿತ್ರೀಕರಣ. ಕ್ಯಾಮೆರಾ ಹಿಡಿದವನು ಕರ್ಟಿಸ್ ಎಂಬ ಉದ್ದನೆಯ ಹುಡುಗ. ಅವನು ಗ್ಲೆಂಡಾಗೆ ನೇರವಾಗಿ ಒಂದು ಮಾತನ್ನೂ ಹೇಳಲಿಲ್ಲ. ಎಲ್ಲಾ ಹುಡುಗಿಗೇ. "ಕೈ ಸ್ವಲ್ಪ ಬಲಕ್ಕೆ ತರಕ್ಕೆ ಹೇಳು. ಕತ್ತಿ ನಿಧಾನ ಮಾಡಕ್ಕೆ ಹೇಳು."

"ನಿಧಾನ ಮಾಡಿದ್ರೆ ಮೀನು ಹರಿಯುತ್ತೆ ಅಂತ ಅವನಿಗೆ ಹೇಳು," ಎಂದಳು ಗ್ಲೆಂಡಾ.

"ಹರೀಲಿ ಬಿಡು ಅಂತ ಹೇಳು."

"ಮೂವತ್ತೊಂದು ವರ್ಷದಲ್ಲಿ ಒಂದು ಮೀನೂ ಹರಿದಿಲ್ಲ, ಈ ಕೋಲುಕಾಲನಿಗೋಸ್ಕರ ಹರಿಯಲ್ಲ ಅಂತ ಹೇಳು."

ಎರಡನೆಯವನು ಫ್ರೇಜರ್. ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವವನು. ಮೂಗು ಹಿಡಿದುಕೊಂಡೇ ಇಡೀ ಮಧ್ಯಾಹ್ನ ಕಳೆದ. ಗ್ರಿಮ್ಸ್‌ಬಿಯಲ್ಲಿ ಹುಟ್ಟಿ ಮೀನಿನ ವಾಸನೆಗೆ ಮೂಗು ಹಿಡಿಯುವುದೆಂದರೆ! ಇವನ ಅಜ್ಜ ಯಾರೋ ಏನೋ, ಅವನೂ ಅದೇ ಬಂದರಿನಲ್ಲಿ ದುಡಿದಿರಬೇಕು. ಗ್ಲೆಂಡಾಗೆ ಕೆನ್ನೆಗೆ ಒಂದು ಬಾರಿಸಬೇಕೆನಿಸಿತು. ಹೆಸರಿನ ಆಸೆಗೆ ಹಲ್ಲು ಕಚ್ಚಿಕೊಂಡಳು.

ಆ ಪರೀಕ್ಷೆಯ ಕ್ರಮ ಹೀಗೆ: ಮೊದಲು ಕಚ್ಚಾ ಪ್ರತಿ ಮಾಡಿ ತರಗತಿಗೆ ತೋರಿಸಬೇಕು. ಎಲ್ಲರೂ ತಪ್ಪು ಹೇಳಬೇಕು. ಆ ತಪ್ಪುಗಳನ್ನು ತಿದ್ದಿ ಮತ್ತೆ ಮಾಡಬೇಕು. ಕಚ್ಚಾ ಪ್ರತಿ ತೋರಿಸುವ ದಿನ ಗ್ಲೆಂಡಾಳನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದಳು. ಬೆಳಗಿನ ಟೀ ಮುಗಿದು ಊಟ ಶುರುವಾಗುವ ನಡುವಿನ ಹೊತ್ತು. ಏಪ್ರನ್ನಿನಲ್ಲೇ ಹೋಗಿ ಬಾಗಿಲ ಹತ್ತಿರ ನಿಂತಳು. ಮೇಷ್ಟ್ರು ಪಾಕ್ಲಿಂಗ್ಟನ್ ದೀಪ ಆರಿಸಿದರು.

ಪರದೆಯ ಮೇಲೆ ಅವಳ ಕೈ ಬಂತು. ಅಯ್ಯೋ, ಎಷ್ಟು ದೊಡ್ಡದು! ಕತ್ತಿ ಇಳಿಯಿತು, ಮೀನಿನ ಬೆನ್ನು ಬಿಚ್ಚಿಕೊಂಡಿತು. ಯಾರೋ ಹುಡುಗಿ "ಅಮ್ಮಾ" ಎಂದು ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಗ್ಲೆಂಡಾ ಮೀನನ್ನು ನೋಡಿದ್ದಳೇ ಹೊರತು ತನ್ನ ಕೈಯನ್ನು ಅವಳು ನೋಡಿಯೇ ಇರಲಿಲ್ಲ. ಚೆನ್ನಾಗಿತ್ತು ಕೈ. ಆಮೇಲೆ ಸೊಟ್ಟ ಬೆರಳಿನ ಮೇಲೆ ಚಿತ್ರ ನಿಂತಿತು, ಪಕ್ಕದಲ್ಲಿ ಕೆಂಪು ಅಕ್ಷರ ಮೂಡಿತು:

ಕೈಗಳು: ಕೊಕ್ಕೆ.

ತರಗತಿ ಹೋ ಎಂದು ನಕ್ಕಿತು. ಬೆಂಚು ಬಡಿದು ನಕ್ಕಿತು. ಆಗ, ಒಂಬತ್ತು ವರ್ಷದ ನಂತರ, ಆ ಹೆಸರು ಎಲ್ಲಿಂದ ಬಂದದ್ದೆಂದು ಗ್ಲೆಂಡಾಗೆ ಗೊತ್ತಾಯಿತು. ಅವಳ ಸ್ವಭಾವದಿಂದ ಬಂದದ್ದಲ್ಲ. ಅವಳ ಬೆರಳಿನಿಂದ ಬಂದದ್ದು. ಅಷ್ಟು ವರ್ಷ ಅವಳು ಹೆಮ್ಮೆಪಟ್ಟುಕೊಂಡದ್ದು ಆ ಯಂತ್ರ ಮಾಡಿದ ಗಾಯಕ್ಕೆ.

ದೀಪ ಹಾಕಿದವಳು ಅವಳೇ. ನಗು ಗಪ್ಪನೆ ನಿಂತಿತು.

"ಅದು... ಸುಮ್ನೆ ಜಾಗ ಹಿಡಿಯಕ್ಕೆ ಹಾಕಿದ್ದು," ಎಂದು ಫ್ರೇಜರ್ ತೊದಲಿದ. "ಹೆಸರು ಗೊತ್ತಿರ್ಲಿಲ್ಲ. ಬದಲಾಯಿಸೋದು ಮರ್ತೋಯ್ತು."

"ಬಾಯಿದೆಯಲ್ಲ, ಕೇಳಕ್ಕೇನಾಗಿತ್ತು ನಿಂಗೆ?" ಗ್ಲೆಂಡಾ ಜೇಬಿನಿಂದ ಆ ಒಪ್ಪಿಗೆ ಪತ್ರ ತೆಗೆದಳು. ಖಾಲಿಯೇ ಇತ್ತು. ನಾಲ್ಕು ಚೂರು ಮಾಡಿ ಮೇಷ್ಟ್ರ ಮೇಜಿನ ಮೇಲಿಟ್ಟಳು. "ಅಳಿಸ್ಬಿಡಿ. ನನ್ನ ಕೈನೂ ಅಳಿಸ್ಬಿಡಿ. ಒಂದು ಉಗುರು ಕಂಡ್ರೂ ಪ್ರಿನ್ಸಿಪಾಲರ ಹತ್ರ ಹೋಗ್ತೀನಿ."

ಆ ವಾರ ಆ ಮೂವರ ತಟ್ಟೆಗೆ ಅವಳು ಹಾಕಿದ ಬೀನ್ಸನ್ನು ಎಣಿಸಬಹುದಿತ್ತು. ಹುಡುಗರು ಅವಳನ್ನು ದುರುಗುಟ್ಟಿ ನೋಡಿದರು. ಅವಳು ಇನ್ನೂ ಜೋರಾಗಿ ದುರುಗುಟ್ಟಿದಳು.

ಮುಂದೆ ನಡೆದದ್ದು ಅವಳಿಗೆ ಊಟದ ಸಾಲಿನಲ್ಲಿ ಕಿವಿಗೆ ಬಿತ್ತು. ಮೂವರೂ ಹುಡುಗಿಯ ಮನೆಯ ಅಡುಗೆಕೋಣೆಯಲ್ಲಿ ಮತ್ತೆ ಚಿತ್ರ ತೆಗೆದರಂತೆ, ಈ ಸಲ ಕರ್ಟಿಸನ ಕೈ ಇಟ್ಟು. ಸೂಪರ್ ಮಾರ್ಕೆಟ್ಟಿನಿಂದ ಮೀನು ತಂದರಂತೆ. ಆ ಜಾಣರು ತಂದದ್ದು ಆಗಲೇ ಸೀಳಿ ಇಟ್ಟ ಮೀನು! ಸೀಳಿದ ಮೀನನ್ನೇ ಕರ್ಟಿಸ್ ಮತ್ತೆ ಸೀಳಿ ಖೈಮಾ ಮಾಡಿದನಂತೆ. ಇದಾಗದೆಂದು, ಬಲಗೈ ಮಾತ್ರ ಕಾಣುವ ಗ್ಲೆಂಡಾಳ ಎರಡು ತುಣುಕುಗಳನ್ನು ಫ್ರೇಜರ್ ಕದ್ದು ನಡುವೆ ಸೇರಿಸಿದ. ಅದರಲ್ಲೊಂದು ತುಣುಕಿನ ಮೂಲೆಯಲ್ಲಿ ಆ ಸೊಟ್ಟ ಬೆರಳು ಇಣುಕಿತ್ತು. ಅದು ಅವನ ಕಣ್ಣಿಗೆ ಬೀಳಲಿಲ್ಲ. ತರಗತಿಯ ಮೂವತ್ತು ಜನರ ಕಣ್ಣಿಗೂ ಬಿತ್ತು.

"ಬೆರಳು ಚಿಗುರ್‍ಕೊಂತು ಕಣ್ರೋ!" ಎಂದು ಸಾಲಿನಲ್ಲಿ ಒಬ್ಬ ಹೊಟ್ಟೆ ಹಿಡಿದುಕೊಂಡು ಹೇಳುತ್ತಿದ್ದ. "ಒಂದು ಶಾಟಲ್ಲಿ ಬೆರಳ ತುದಿ ಇಲ್ಲ, ಮುಂದಿನ ಶಾಟಲ್ಲಿ ಇದೆ! ಪಾಕ್ಲಿಂಗ್ಟನ್ ಸರ್ ಕೇಳಿದ್ರು, ಕೊಲೆಗಾರ ಮನುಷ್ಯನೋ ಹಲ್ಲಿಯೋ ಅಂತ."

ಗ್ಲೆಂಡಾ ಅವನ ತಟ್ಟೆಗೆ ಒಂದು ಸೌಟು ಬಟಾಣಿ ಜಾಸ್ತಿ ಹಾಕಿದಳು.

ಕೊನೆಯ ಪ್ರತಿ ಕೊಡಲು ಎಂಟು ದಿನ ಉಳಿದಿರುವಾಗ ಹುಡುಗಿ ಒಬ್ಬಳೇ ಬಂದಳು. ಗ್ಲೆಂಡಾ ಕೌಂಟರು ಒರೆಸುತ್ತಿದ್ದಳು.

"ಸಾರಿ," ಎಂದಳು ಹುಡುಗಿ. ಕಲ್ಲು ಎತ್ತಿ ಹಾಕಿದಂತೆ ಹೇಳಿದಳು.

"ಯಾರಿಗೆ?"

"ನಿಮಗೆ."

"ನಾನ್ಯಾರು? ನನ್ನ ಹೆಸರೇನು?"

ಹುಡುಗಿಯ ಕಣ್ಣು ಗ್ಲೆಂಡಾಳ ಎದೆಯ ಕಡೆ ಹೋಯಿತು. ಅಲ್ಲಿ ಬಿಲ್ಲೆ ಇರಲಿಲ್ಲ. ಮುಖ ಕೆಂಪಾಯಿತು.

"ನಾಚ್ಕೆ ಆಗಲ್ವಾ?" ಎಂದಳು ಗ್ಲೆಂಡಾ. "ಕೆಲಸ ಆಗ್ಬೇಕು ಅಂತ ಬಂದಿದೀಯ, ಹೆಸರು ಕೂಡ ಕೇಳ್ಕೊಂಡು ಬರ್ಲಿಲ್ಲ."

ಹುಡುಗಿಗೂ ತಡೆಯದಾಯಿತು. "ನನ್ನ ಹೆಸರೇನು? ಹೇಳಿ ನೋಡೋಣ! ಎರಡು ವರ್ಷದಿಂದ ದಿನಾ ನಿಮ್ಮ ಮುಂದೆ ನಿಂತ್ಕೊತೀನಿ. ನನ್ನ ಏನು ಅನ್ಕೊಂಡಿದೀರಿ, ಗೊತ್ತಿಲ್ವಾ ನಂಗೆ? ನಾನು ಬರೋದು ಕಂಡ್ರೆ ಒಳಗಡೆ ಕೂಗ್ತೀರಲ್ಲ, 'ಚೀಸು-ಬೀನ್ಸು ಬಂತು' ಅಂತ. ನಾನೇನು ತಟ್ಟೆನಾ?"

ಗ್ಲೆಂಡಾ ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದಳು. ಹೆಸರು ಕೇಳಿಬಿಡಬಹುದಿತ್ತು. ಆದರೆ ಸೋತಂತಾಗುತ್ತದಲ್ಲ! ಆರ್ಡರು ಬರೆಯುವ ಚೀಟಿ ಹರಿದು ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದು ತಳ್ಳಿದಳು.

"ಬಾರಿಲ್. ಎರಡು ಆರ್, ಎರಡು ಎಲ್. ಬ್ಯಾರೆಲ್ ಅಂತ ಬಂದ್ರೆ ಆ ಕಂಪ್ಯೂಟರ್ ಹುಡುಗನ ಬೆರಳು ನಾನು ತೆಗೀತೀನಿ. ಮೂರು ಸೆಕೆಂಡು ಪೂರ್ತಿ ನಿಲ್ಬೇಕು. ನಾನು ಎಣಿಸ್ತೀನಿ."

"ಆಯ್ತು."

"ಹೊಸ ಫಾರಂ ತಾ. ಮೀನು ಇಡೀದು ತಾ. ಆ ಕೋಲುಕಾಲನಿಗೆ ಬಾಯಿ ಮುಚ್ಕೊಂಡಿರಕ್ಕೆ ಹೇಳು."

ಗ್ಲೆಂಡಾಳ ಎರಡನೇ ಸಲದ ಚಿತ್ರೀಕರಣದಲ್ಲಿ ಯಾರೂ ಯಾರೊಂದಿಗೂ ಮಾತಾಡಲಿಲ್ಲ. ಕತ್ತಿಯ ಸದ್ದೊಂದೇ ಇತ್ತು. ಚಿತ್ರಕ್ಕೆ ಅದೇ ಒಳ್ಳೆಯದಾಯಿತೆಂದು ಆಮೇಲೆ ಮೇಷ್ಟ್ರು ಹೇಳಿದರಂತೆ.

ಮೇ ತಿಂಗಳಲ್ಲಿ ಒಂದು ಸಂಜೆ ಎಲ್ಲಾ ಗುಂಪುಗಳ ಚಿತ್ರಗಳನ್ನು ಕಾಲೇಜಿನ ಸಭಾಂಗಣದಲ್ಲಿ ತೋರಿಸಿದರು. ಅಪ್ಪ ಅಮ್ಮಂದಿರು ಬಂದಿದ್ದರು. ಗ್ಲೆಂಡಾ ಮದುವೆಗಳಿಗೆ ಹಾಕುವ ನೀಲಿ ಕೋಟು ಹಾಕಿಕೊಂಡು ಕೀತನನ್ನು ಎಳೆದುಕೊಂಡು ಬಂದಳು. ಮುಸುಕಿನವರು ಕಾಡಿನಲ್ಲಿ ಓಡಿದರು, ಮತ್ತೆ ಓಡಿದರು, ಮತ್ತೆ ಓಡಿದರು. ಕೀತ್ ಆಕಳಿಸಿದ. ಕೊನೆಗೆ ಅವಳ ಗುಂಪಿನದು ಬಂತು: 'ಕೊನೆಯ ಮುಳ್ಳು'.

ಕತ್ತಲೆ. ನಲ್ಲಿಯ ನೀರು. ಕತ್ತಿ ಮಸೆಯುವ ಸದ್ದು. ಕ್ಯಾಮೆರಾ: ಕರ್ಟಿಸ್. ಸಂಕಲನ: ಫ್ರೇಜರ್. ಆಮೇಲೆ ಬಿಳಿ ಅಕ್ಷರ, ಪರದೆ ತುಂಬ:

ಕೈಗಳು: ಗ್ಲೆಂಡಾ ಬಾರಿಲ್.

ಎರಡು ಆರ್, ಎರಡು ಎಲ್. ಒಂದು, ಎರಡು, ಮೂರು. ಪೂರ್ತಿ ನಿಂತಿತು. ಗ್ಲೆಂಡಾ ಉಸಿರು ಬಿಟ್ಟಳು.

"ಯಾರೋ ಅದು ಗ್ಲೆಂಡಾ ಬಾರಿಲ್?" ಎಂದ ಹಿಂದಿನ ಸಾಲಿನ ಹುಡುಗ.

"ಯಾವನಿಗ್ಗೊತ್ತು?"

ಪರದೆಯ ಮೇಲೆ ಕೈ ಬಂತು, ಸೊಟ್ಟ ಬೆರಳು ಮೀನನ್ನು ಒತ್ತಿ ಹಿಡಿಯಿತು. ಇಡೀ ಸಭಾಂಗಣದ ಹುಡುಗರು ಒಂದೇ ಗಂಟಲಿನಲ್ಲಿ ಕೂಗಿದರು: "ಕೊಕ್ಕೇ!" ಶಿಳ್ಳೆ, ಚಪ್ಪಾಳೆ, ಕಾಲು ಬಡಿತ. ಪ್ರೀತಿಯೇ ಇರಬಹುದು, ಯಾರಿಗೆ ಬೇಕು ಅಂಥ ಪ್ರೀತಿ?

"ಇವಳೇ, ಏನದು ಕೊಕ್ಕೆ ಅಂದ್ರೆ?" ಎಂದ ಕೀತ್.

"ಗೊತ್ತಿಲ್ಲ. ಸುಮ್ನೆ ನೋಡು," ಎಂದಳು ಗ್ಲೆಂಡಾ. ಕಣ್ಣು ಉರಿಯುತ್ತಿತ್ತು. ಮೂರು ಸೆಕೆಂಡು ಹೆಸರು ಹಾಕಿಸಿದರೆ ಒಂಬತ್ತು ವರ್ಷ ಅಳಿಸಿಹೋಗುತ್ತದೆ ಎಂದುಕೊಂಡಿದ್ದಳಲ್ಲ, ತನ್ನಷ್ಟು ದಡ್ಡಿ ಯಾರೂ ಇಲ್ಲ ಎನಿಸಿತು.

ಚಿತ್ರ ಮುಗಿಯಿತು. ಅವಳಿಗೆ ಏನೋ ಕಡಿಮೆಯಾದಂತೆ ತೋರಿತು. ಉಳಿದೆಲ್ಲ ಚಿತ್ರಗಳಲ್ಲೂ ಕೊನೆಗೆ 'ನಿರ್ದೇಶನ' ಎಂದು ಒಂದು ಹೆಸರು ಬಂದಿತ್ತು. ಇದರಲ್ಲಿ ಬರಲಿಲ್ಲ. ಆ ಹುಡುಗಿ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು, ಯಾರಿಗೋ ಹೊಡೆಯಲು ಕಾದಿರುವವಳ ಹಾಗೆ.

ಹೊರಗೆ ಕೋಟು ತೆಗೆದುಕೊಳ್ಳುವಾಗ ಕರ್ಟಿಸ್ ತನ್ನ ಅಮ್ಮನಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಎರಡು ನಿಮಿಷಕ್ಕಿಂತ ಒಂಚೂರು ಜಾಸ್ತಿಯಾದ್ರೂ ಮಾರ್ಕ್ಸ್ ಕಟ್ ಅಮ್ಮ. ಆ ಕೊಕ್ಕೆ ಹೆಸರಿಗೆ ಮೂರು ಸೆಕೆಂಡು ಬೇಕಿತ್ತು. ನಂದು ತೆಗೀಬೇಡ ಅಂದೆ ನಾನು, ಫ್ರೇಜರೂ ಅಂದ. ಡೈರೆಕ್ಟ್ ಮಾಡಿದವಳು ತನ್ನ ಹೆಸರನ್ನೇ ಕಿತ್ತಾಕಿದ್ಲು. ಮಾತು ಕೊಟ್ಟಿದೀನಿ ಅಂತೆ. ಹುಚ್ಚಿ!"

ಗ್ಲೆಂಡಾಳ ಒಂದು ಕೈ ಕೋಟಿನ ತೋಳಿನೊಳಗೇ ನಿಂತುಬಿಟ್ಟಿತು.

"ನಡಿ, ಬಸ್ಸು ಹೋಗುತ್ತೆ," ಎಂದ ಕೀತ್.

"ಇರು." ಸಭಾಂಗಣದ ಬಾಗಿಲಿಗೆ ಗುಂಪುಗಳ ಪಟ್ಟಿ ಅಂಟಿಸಿದ್ದರು. ಕನ್ನಡಕ ತೆಗೆದು ಹಾಕಿಕೊಂಡಳು. ಬೆರಳಿಟ್ಟು, ಆ ಬೆರಳನ್ನೇ ಇಟ್ಟು, ಒಂದೊಂದೇ ಸಾಲು ಕೆಳಗಿಳಿದಳು. 'ಕೊನೆಯ ಮುಳ್ಳು' ಎಂಬುದರ ಮುಂದೆ ಮೂರು ಹೆಸರಿದ್ದವು. ಎರಡು ಹುಡುಗರವು. ಮೂರನೆಯದು ಟ್ಯಾಮ್ಸಿನ್ ಲೀಕ್.

'ಲೀಕ್ ಅಂತೆ!' ಎಂದುಕೊಂಡಳು ಗ್ಲೆಂಡಾ. ಸೋರುವ ನಲ್ಲಿಯ ಹೆಸರು. ಬ್ಯಾರೆಲ್ಲಿಗೂ ಲೀಕಿಗೂ ಸರಿಹೋಯಿತು. ಪಾಪ, ಶಾಲೆಯಲ್ಲಿ ಎಷ್ಟು ಆಡಿಕೊಂಡಿರುತ್ತಾರೋ. ಬಸ್ಸಿನಲ್ಲಿ ಅವಳು ಆ ಹೆಸರನ್ನು ಬಾಯೊಳಗೇ ನಾಲ್ಕಾರು ಸಲ ಹೇಳಿಕೊಂಡಳು. ಯಾರೊಂದಿಗೆ ಗೊಣಗುತ್ತೀಯೆಂದು ಕೀತ್ ಕೇಳಿದ.

ಸೋಮವಾರ ಊಟದ ಸಾಲು ಬಾಗಿಲಾಚೆಗೂ ಬೆಳೆದಿತ್ತು. "ರೀ, ಚಿಪ್ಸು." ಹಾಕಿದಳು. "ರೀ, ಗ್ರೇವಿ." ಹಾಕಿದಳು. ಒಬ್ಬ ಧೈರ್ಯ ಮಾಡಿ ಮುಖದೆದುರೇ "ಕೊಕ್ಕೆ, ಸ್ಟಾರಾಗ್ಬಿಟ್ರಿ" ಎಂದ. ಅವನಿಗೆ ಸುಟ್ಟು ಕರಕಲಾದ ಚಿಪ್ಸನ್ನು ಆರಿಸಿ ಆರಿಸಿ ಹಾಕಿದಳು. ಅವನ ಹಿಂದೆಯೇ ಆ ಹುಡುಗಿ ನಿಂತಿದ್ದಳು, ಅದೇ ಸಿಡುಕು ಮುಖ.

ಒಳಗಿನಿಂದ ಅಡುಗೆಯವಳು ಕೂಗಿದಳು, "ಯಾರದು, ಚೀಸು-ಬೀನ್ಸಾ?"

"ಅಲ್ಲ," ಎಂದಳು ಗ್ಲೆಂಡಾ. ಸಾಲಿನ ಕೊನೆಯವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. "ಟ್ಯಾಮ್ಸಿನ್ ಲೀಕ್. ಏಯ್ ಟ್ಯಾಮ್ಸಿನ್ ಲೀಕ್, ತಟ್ಟೆ ನೆಟ್ಟಗೆ ಹಿಡಿ. ಹಿಂದೆ ಜನ ಕಾಯ್ತಿದಾರೆ."

ಹುಡುಗಿ ಒಂದು ಗಳಿಗೆ ಅವಳನ್ನೇ ನೋಡಿದಳು. ನಗಲಿಲ್ಲ. ತಟ್ಟೆಯಲ್ಲಿ ಬಿದ್ದ ಬೀನ್ಸನ್ನು ನೋಡಿದಳು.

"ಇನ್ನೊಂದು ಸೌಟು ಹಾಕಿ, ಗ್ಲೆಂಡಾ ಬಾರಿಲ್," ಎಂದಳು. "ಇದಕ್ಕೂ ಕೊಕ್ಕೆ ಹಾಕ್ಬೇಡಿ."

ಗ್ಲೆಂಡಾ ಸೌಟನ್ನು ಪಾತ್ರೆಗಿಳಿಸಿ, ಅರ್ಧ ತುಂಬಿಸಿ, ತಟ್ಟೆಗೆ ಸುರಿದಳು.

"ಅರ್ಧಾನೇ," ಎಂದಳು. "ನಡಿ ಮುಂದೆ."